ಒತ್ತಕ್ಷರದ ಭಾರ

ಜನ ತುಂಬಿದ ಬಸ್ಸನ್ನು ಕ್ರೇನಣ್ಣ ಕಿರುಬೆರಳಲ್ಲಿ ಎತ್ತಿದಾಗ ಒಳಗೆ ಗೊರಕೆ ಹೊಡೆಯುತ್ತಿದ್ದ ಅಜ್ಜಿಗೆ ಎಚ್ಚರವೇ ಆಗಲಿಲ್ಲ. ಹಾಗೆಂದು ಹೇಳಿದವನೂ ಕ್ರೇನಣ್ಣನೇ. ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದ ಹಣದಿಂದ ಮಕ್ಕಳಿಗಾಗಿ ತಾನು ತೆರೆದ ಓದುಮನೆಯ ಮೊದಲ ದಿನ, ಕಪಾಟಿನ ಪುಸ್ತಕಗಳನ್ನೆಲ್ಲ ಹಲ್ಲುಜ್ಜುವಷ್ಟರಲ್ಲಿ ಓದಿ ಮುಗಿಸಿದ್ದೇನೆಂದೂ ಸೇರಿಸಿದ.

ಹುಡುಗಿಯೊಬ್ಬಳು ಮಾತ್ರ ಹೊಸ್ತಿಲು ದಾಟಲೊಲ್ಲಳು. "ನಾನು ತಪ್ಪು ಓದ್ತೀನಿ, ಎಲ್ರೂ ನಗ್ತಾರೆ."

"ಯಾರವರು ನಗೋರು? ಬಾ ಪುಟ್ಟಿ, ನಾನು ಓದೋದು ಕೇಳು!" ಕ್ರೇನಣ್ಣ ಕೈಗೆ ಸಿಕ್ಕ ಪುಸ್ತಕ ಬಿಡಿಸಿ, ಕಿಟಕಿ ನಡುಗುವಂತೆ ಓದಿದ: "ಅಕನ ಬೆಕು ಹಕಿಯ ಹಿಂದೆ ಓಡಿತು."

ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಡುಗಿ ತಡೆಯಲಾರದೆ ಒಳಗೋಡಿ ಬಂದು ಪುಟದ ಮೇಲೆ ಬೆರಳಿಟ್ಟಳು. "ಅಯ್ಯೋ ಅಣ್ಣಾ, ಕೆಳಗೆ ನೇತಾಡೋ ಮರಿ ಅಕ್ಷರಾನೇ ಬಿಟ್ಬಿಟ್ರಲ್ಲ! ಅದು ಅಕ್ಕ, ಬೆಕ್ಕು, ಹಕ್ಕಿ!"

ಅಚ್ಚಿನ ತಪ್ಪು ಎನ್ನಲು ಕ್ರೇನಣ್ಣ ಬಾಯಿ ತೆರೆದ. ಒಳಗೆ ಬಂದು ನಿಂತವಳ ಮುಖ ನೋಡಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ನಿಜ ಹೇಳ್ಲಾ? ಇಲ್ಲಿರೋದ್ರಲ್ಲಿ ಒಂದು ಪುಸ್ತಕಾನೂ ನಾನು ಓದಿಲ್ಲ. ಈ ಒತ್ತಕ್ಷರ ಎತ್ತೋಕಾಗ್ದೆ ಶಾಲೆ ಬಿಟ್ಟು ಓಡಿದೋನು ನಾನು. ಸ್ವಲ್ಪ ಸರ್ಕೊಳ್ಳೇ ಪುಟ್ಟಿ, ನಿನ್ನ ಪಕ್ಕ ಕೂತು ಕಲೀತೀನಿ."