ಟಬ್ಬಿಗೆ ಹೊಸ ಬಣ್ಣ

ಬಾತ್‌ರೂಮಿನಲ್ಲಿ ನೀರು ಬಿಟ್ಟ ಸದ್ದು ಕೇಳಿ ಧಾರಿಣಿಯ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲಿಗೇ ನಿಂತಿತು. ಅಯ್ಯೋ, ಟಬ್ಬು! ನಿನ್ನೆ ಸಂಜೆಯಷ್ಟೇ ಬಣ್ಣದವನು ಅದಕ್ಕೆ ಹೊಸ ಲೇಪ ಕೊಟ್ಟುಹೋಗಿದ್ದ. "ದೋ ದಿನ್ ತಕ್ ಏಕ್ ಬೂಂದ್ ಭೀ ನಹೀ, ಮೇಡಂ" ಎಂದು ಫೋನಿನಲ್ಲಿ ಎಚ್ಚರಿಸಿದ್ದ. ಎರಡು ದಿನದೊಳಗೆ ಒಂದು ಹನಿ ಬಿದ್ದರೂ ಬಣ್ಣ ಗುಳ್ಳೆಯೆದ್ದು ಕಿತ್ತು ಬರುತ್ತದಂತೆ. ಅಲ್ಲಿಯವರೆಗೆ ಎದುರು ಫ್ಲ್ಯಾಟಿನ ಮೈತ್ರೇಯಿಯ ಮನೆಯಲ್ಲೇ ಎಲ್ಲರ ಸ್ನಾನ ಎಂದು ಏರ್ಪಾಟಾಗಿತ್ತು. ಅತ್ತೆಗೆ ಅದನ್ನು ಹೇಳುವುದೊಂದು ಬಾಕಿ. ರಾತ್ರಿ ಅವಳು ಆಫೀಸಿನಿಂದ ಬರುವಷ್ಟರಲ್ಲಿ ಸೀತಮ್ಮ ಮಲಗಿಬಿಟ್ಟಿದ್ದರು. ಬೆಳಿಗ್ಗೆ ಹಾಲು, ಹಿಟ್ಟು, ಆಫೀಸಿನ ಮೀಟಿಂಗಿನ ಗಡಿಬಿಡಿಯಲ್ಲಿ ಮರೆತೇಹೋಯಿತು.

"ಅತ್ತೇ! ನೀರು ನಿಲ್ಲಿಸಿ! ಟಬ್ಬಿಗೆ ಇಳೀಬೇಡಿ!" ಬಾಗಿಲು ಬಡಿದಳು.

"ಯಾಕೇ ಹಾಗೆ ಬಡ್ಕೋತೀಯಾ? ಸ್ನಾನ ಆಗೇಹೋಯ್ತು!"

ಧಾರಿಣಿಗೆ ಅಳುವೇ ಬಂತು. ದೆಹಲಿ ಪಕ್ಕದ ಗುರುಗ್ರಾಮದ ಈ ಹಳೆಯ ಫ್ಲ್ಯಾಟಿನಲ್ಲಿದ್ದ ಒಂದೇ ಬಾತ್‌ರೂಮಿನ ಟಬ್ಬು ಹಳದಿಗಟ್ಟಿ, ತಳದಲ್ಲಿ ತುಕ್ಕು ಕಾಣಿಸಿಕೊಂಡಾಗಿನಿಂದ ಮನೆಯಲ್ಲಿ ಅದೇ ಮಾತು. ಹೊಸ ಬಣ್ಣ ಹೊಡೆಸುವುದೋ, ಹಳೆಯದರ ಮೇಲೇ ಅಕ್ರಿಲಿಕ್ ಕವಚ ಕೂರಿಸುವುದೋ, ಇಲ್ಲ ಒಡೆಸಿ ತೆಗೆದು ನೆಲ ಸಮ ಮಾಡಿ ಶವರ್ ಹಾಕಿಸುವುದೋ? ಅತ್ತೆಯ ಮೊಣಕಾಲು ನೋವು ನೋಡಿದ್ದ ಧಾರಿಣಿ ಒಡೆಸೋಣ ಎಂದಿದ್ದಳು. ಗಂಡ ರಘುನಂದನ್ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಟಬ್ ಹತ್ತಿ ಇಳಿಯೋಕೂ ಅಮ್ಮನಿಗೆ ಆಗಲ್ಲ ಅಂದ್ರೆ ಶವರ್ ಒಂದರಿಂದ ಏನಾಗುತ್ತೆ? ಹಗಲೆಲ್ಲ ನೋಡ್ಕೊಳ್ಳೋರು ಯಾರು? ಆಗ ಮೈಸೂರಿನ ಆ ವೃದ್ಧಾಶ್ರಮಾನೇ ವಿಚಾರಿಸಬೇಕಾಗುತ್ತೆ" ಎಂದುಬಿಟ್ಟಿದ್ದ. ಅಮ್ಮ ಬಾಗಿಲಲ್ಲೇ ನಿಂತಿದ್ದನ್ನು ಅವನು ನೋಡಿರಲಿಲ್ಲ.

"ನನಗೇನೋ ಧಾಡಿ?" ಎನ್ನುತ್ತಾ ಸೀತಮ್ಮ ಸರಸರ ಒಳಗೆ ಬಂದಿದ್ದರು. "ದಿನಾ ಹತ್ತಿ ಇಳೀತಿಲ್ವಾ ನಾನು? ಗಟ್ಟಿಮುಟ್ಟಾದ ಟಬ್ಬು. ಬಣ್ಣ ಹೊಡ್ಸಿ, ಸಾಕು." ಅಲ್ಲಿಗೆ ತೀರ್ಮಾನವಾಗಿತ್ತು.

ಬಾಗಿಲು ತೆರೆಯಿತು. ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಒಗೆದ ಸೀರೆಯುಟ್ಟು, ಗಂಧದ ಪೌಡರಿನ ಘಮ ಬೀರುತ್ತಾ ಸೀತಮ್ಮ ದೇವರ ಗೂಡಿನ ಕಡೆ ನಡೆದರು. ಬೇಸಿಗೆ ರಜೆಯೆಂದು ಮನೆಯಲ್ಲೇ ಇದ್ದ ಮೊಮ್ಮಗಳು ಮಾನ್ಯಾ ಆಗಲೇ ಅಲ್ಲಿ ಗಂಟೆ ಹಿಡಿದು ನಿಂತಿದ್ದಳು.

"ಸ್ನಾನ ಆಯ್ತೇನೇ?"

"ಕಲ್ ಕಿಯಾ ಥಾ ನಾ, ಅಜ್ಜಿ!"

"ನಿನ್ನೆದು ನಿನ್ನೆಗಾಯ್ತು. ಗಂಟೆ ಕೆಳಗಿಡು. ಮೈಲಿಗೆ ಕೈ!"

ಇನ್ನೇನು ಹಾಳಾಗಿದೆಯೋ ಎಂದುಕೊಂಡು ಧಾರಿಣಿ ಬಾತ್‌ರೂಮಿಗೆ ನುಗ್ಗಿದಳು. ಟಬ್ಬು ಹಾಲಿನ ಕೆನೆಯಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಒಂದು ಗುಳ್ಳೆಯಿಲ್ಲ, ಒಂದು ಹನಿ ನೀರಿಲ್ಲ. ಬಣ್ಣದವನು ಅಡ್ಡಡ್ಡ ಅಂಟಿಸಿ ಹೋಗಿದ್ದ ಟೇಪು ಬಿಗಿಯಾಗಿ ಹಾಗೇ ಇತ್ತು.

ಸದ್ಯ, ಬಚಾವಾಯಿತು ಎಂದು ಉಸಿರುಬಿಟ್ಟವಳು ಮರುಕ್ಷಣವೇ ಬಗ್ಗಿ ನೆಲ ಮುಟ್ಟಿ ನೋಡಿದಳು. ಸುತ್ತ ನೆಲವೂ ಒಣಗಿತ್ತು. ಒದ್ದೆಯಾಗಿದ್ದದ್ದು ಕೈತೊಳೆಯುವ ಬೇಸಿನ್ನು ಮತ್ತು ಅದರ ಅಂಚಿನಲ್ಲಿ ಹಿಂಡಿಟ್ಟಿದ್ದ ಅಂಗೈಯಗಲದ ಬಟ್ಟೆ ಮಾತ್ರ. ನೀರಿನ ಸದ್ದು ಬಂದದ್ದು ಬೇಸಿನ್ನಿನಿಂದ. 'ಅತ್ತೆಗೆ ಈ ಬೇಸಿಗೆಯಲ್ಲಿ ಪೌಡರಿನ ಹುಚ್ಚು ಹಿಡಿದಿದೆ' ಎಂದು ಗಂಡನ ಹತ್ತಿರ ಹೇಳಿ ನಕ್ಕಿದ್ದು ನೆನಪಾಗಿ ಅವಳ ಕಿವಿ ಕಾದವು.

"ಮಾನ್ಯಾ, ರೂಮಿಗೆ ಹೋಗು."

"ಕ್ಯೂಂ, ಮಮ್ಮಾ?"

"ಹೋಗು ಅಂದೆ."

ಸೀತಮ್ಮ ಕಡ್ಡಿ ಗೀರಿ ಬತ್ತಿಯತ್ತ ಕೈ ಚಾಚಿದ್ದರು.

"ಅತ್ತೆ, ಟಬ್ಬು ಒಣಗಿದೆ."

ಚಾಚಿದ ಕೈ ಹಾಗೇ ನಿಂತಿತು. ಕಡ್ಡಿ ಉರಿದು ಬೆರಳಿಗೆ ಬಿಸಿ ತಾಗಿದಾಗಲೇ ಅವರು ಅದನ್ನು ಊದಿದರು.

"ಎಷ್ಟು ದಿನದಿಂದ?" ಧಾರಿಣಿ ಕೇಳಿದಳು.

"ಯುಗಾದಿ ದಿನ ಎಣ್ಣೆ ಹಚ್ಕೊಂಡು ಇಳಿದೆನಲ್ಲ, ಕಾಲು ಜಾರ್ತು. ನಲ್ಲಿ ಹಿಡ್ಕೊಂಡು ನೇತಾಡಿದೆ. ನೀವಿಬ್ರೂ ಹೊರಗಡೆ ಒಬ್ಬಟ್ಟಿನ ಫೋಟೋ ತೆಗೀತಾ ಇದ್ರಿ. ಕೂಗೋಣ ಅಂತ ಬಾಯಿ ತೆಗೆದೆ, ಆಮೇಲೆ ಬೇಡ ಅನ್ನಿಸ್ತು. ಅವತ್ತಿಂದ ಆ ಅಂಚು ದಾಟೋಕೆ ಕಾಲೇ ಏಳಲ್ಲ."

ಯುಗಾದಿ! ಆಮೇಲೆ ದೆಹಲಿಯ ಒಂದಿಡೀ ಬೇಸಿಗೆ ಕಳೆದಿತ್ತು. ಗಾಳಿಯೇ ಬೆಂಕಿಯಾಗಿ ಬೀಸಿದ ದಿನಗಳು. ತಾನು ದಿನಕ್ಕೆರಡು ಸಲ ತಣ್ಣೀರು ಸುರಿದುಕೊಂಡರೂ ಸಾಲದು ಎಂದು ಗೊಣಗಿದ ದಿನಗಳು.

"ಟಬ್ಬಿನ ಹೊರಗೇ ಬಕೆಟ್ ಇಟ್ಕೊಂಡು ಸ್ನಾನ ಮಾಡ್ಬಹುದಿತ್ತಲ್ಲ, ಅತ್ತೆ!"

"ಹೊರಗೆ ಚೆಲ್ಲಿದ್ರೆ ಕೆಳಗಿನ ಮನೆಗೆ ಸೋರುತ್ತೆ, ಜಗಳಕ್ಕೆ ಬರ್ತಾರೆ ಅಂತ ನೀನೇ ಹೇಳಿದ್ದಲ್ವೇನೇ?" ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಧಾರಿಣಿಗೆ ಸ್ವಲ್ಪ ಸುಲಭವಾಗುತ್ತಿತ್ತು.

ಜ್ವರ ಬಂದಾಗಲೂ ತಲೆಗೆ ನೀರು ಹಾಕಿಕೊಳ್ಳದೆ ದೇವರ ಗೂಡಿನ ಬಳಿ ಸುಳಿಯದ ಹೆಂಗಸು ಇದು. ಕೇಳಬಾರದು ಎಂದುಕೊಳ್ಳುತ್ತಲೇ ಧಾರಿಣಿ ಕೇಳಿಬಿಟ್ಟಳು: "ಮತ್ತೆ ಇಷ್ಟು ದಿನ... ದೀಪ?"

ಸೀತಮ್ಮ ತಲೆಯ ಟವೆಲ್ ಬಿಚ್ಚಿದರು. ಮುಂದಲೆಯ ನಾಲ್ಕು ಕೂದಲು ಬಿಟ್ಟರೆ ಮಿಕ್ಕದ್ದೆಲ್ಲ ಒಣಗಿ ಜಡೆಗಟ್ಟಿತ್ತು.

"ದೇವರಿಗೆ ಮೊದಲನೇ ದಿನವೇ ಹೇಳಿಬಿಟ್ಟೆ ಕಣೇ," ಎಂದರು. "ನಿಮಗೆ ಹೇಳೋಕೇ ಹೆದರಿಕೆ ಆಗಿದ್ದು."