ಮೊದಲು ಹೊಕ್ಕವರ ಮಾತು

ಹುಬ್ಬಳ್ಳಿಯ ದಾಕ್ಷಾಯಣಿ, ಕನ್ನಡಕ ಹಾಕಿಕೊಂಡು ಒಳಗೆ ಹೋಗುವ ಆ ಕಂಪ್ಯೂಟರ್ ಆಟ ಪೂರ್ತಿಯಾಗುವವರೆಗೂ ಕಾದಳು. ಅವಳ ವಾರಗಿತ್ತಿ ನೀಲಕ್ಕ ಕಾಯಲಿಲ್ಲ. ಮುಂಚೆಯೇ ದುಡ್ಡು ಕಟ್ಟಿ, ಆಟದೊಳಗಿನ ಅರ್ಧ ಕಟ್ಟಿದ ಊರನ್ನು ಹೊಕ್ಕಿದ್ದಳು. ಇಂಥ ಆಟಗಳೊಳಗಿನ ಕೃತಕ ಜನ ಮಾತು ಕಲಿಯುವುದು ಹಾಗೆ ಮೊದಲು ಬಂದವರಿಂದಲೇ.

ದಾಕ್ಷಾಯಣಿ ಕನ್ನಡಕ ಏರಿಸಿಕೊಂಡು ಒಳಗೆ ಕಾಲಿಟ್ಟಾಗ ಹೂ ಮಾರುವವಳು ಕೈ ತಟ್ಟಿ ನಕ್ಕಳು. "ಬಾರವಾ ತಂಗಿ, ಎಷ್ಟ ಸೊರಗೀದಿ!" ಆ ನಗು, ಆ ರಾಗ ಎರಡೂ ನೀಲಕ್ಕನವೇ. ಅಂಬಿಗನೂ ಹಾಗೆಯೇ ನಕ್ಕ. ಬಾವಿಕಟ್ಟೆಯ ಮುದುಕಿಯಂತೂ, "ನಮ್ಮ ನೀಲಕ್ಕ ಬರಲಿಲ್ಲೇನ?" ಎಂದು ಅವಳ ಬೆನ್ನ ಹಿಂದೆ ಹುಡುಕಿದಳು.

ಮನೆಯಲ್ಲಿ ಅತ್ತೆಯೂ ಹೀಗೆಯೇ ಕೇಳುತ್ತಿದ್ದರು. ದಾಕ್ಷಾಯಣಿ ಕನ್ನಡಕ ಕಿತ್ತು ಪಕ್ಕಕ್ಕಿಟ್ಟಳು.

ಮರುದಿನವೇ ಅವಳು ಇನ್ನೊಂದು ಅರೆಬರೆ ಆಟಕ್ಕೆ ದುಡ್ಡು ಕಟ್ಟಿ, ಎಲ್ಲರಿಗಿಂತ ಮೊದಲು ಹೊಕ್ಕಳು. ಅಲ್ಲಿ ಆಕಾಶಕ್ಕೆ ಇನ್ನೂ ಬಣ್ಣ ಬಂದಿರಲಿಲ್ಲ. ಬಯಲಲ್ಲಿ ಒಬ್ಬಳು ಹೆಂಗಸು ನಿಂತು, ಇವಳ ತುಟಿಯನ್ನೇ ನೋಡುತ್ತ ಕಾಯುತ್ತಿದ್ದಳು. ದಾಕ್ಷಾಯಣಿ ಎಷ್ಟೋ ಚಂದದ ಮಾತು ಯೋಚಿಸಿಕೊಂಡು ಬಂದಿದ್ದಳು. ಬಾಯಿ ತೆರೆದರೆ ಬಂದದ್ದೇ ಬೇರೆ.

"ನೀಲಕ್ಕ ಬಂದ್ರ ಮಾತಾಡಸಬ್ಯಾಡ."

ಹೆಂಗಸಿನ ಮುಖ ಅರಳಿತು. ದೂರದಲ್ಲಿ ಆಗತಾನೇ ಮೂಡುತ್ತಿದ್ದ ಜನರತ್ತ ಕೈಬೀಸಿ, ಪ್ರೀತಿಯಿಂದ ಕೂಗಿದಳು: "ನೀಲಕ್ಕ ಬಂದ್ರ ಮಾತಾಡಸಬ್ಯಾಡ!" ಅವರೂ ನಗುತ್ತ ಅದನ್ನೇ ಕೂಗಿದರು.

ಆ ಎರಡನೇ ಆಟವೂ ಈಗ ಪೂರ್ತಿಯಾಗಿದೆ. ಅಲ್ಲಿನ ಜನ, ಒಳಗೆ ಬಂದವರು ಯಾರೇ ಎದುರಾದರೂ, ನಮಸ್ಕಾರದ ಬದಲು, ಮೊದಲು ನೀಲಕ್ಕನ ಹೆಸರು ಹೇಳುತ್ತಾರೆ.