ಮಾಲತೇಶ ಬರೆದದ್ದು

ಅಣ್ಣನ ಹೆಸರು ಟೈಪ್ ಮಾಡಿ ಭುವನೇಶ್ವರಿ ಹುಡುಕುವ ಗುಂಡಿ ಒತ್ತಿದಳು. ಪರದೆಯ ತುಂಬ ಮಾಲತೇಶ ಸಾಲುಗಟ್ಟಿ ಬಂದ. ಹಳೆಯ ರೇಡಿಯೊ, ಕ್ರಿಕೆಟ್, ಹಿಂದಿ ಹಾಡು, ಊರಿನ ಹರಟೆ. ಇಂಟರ್ನೆಟ್ಟಿನಲ್ಲಿ ಒಂದೇ ಕಂಪನಿಯ ಹತ್ತಾರು ಚರ್ಚಾ ವೇದಿಕೆಗಳು; ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ತಿಂಗಳ ಕೊನೆಗೆ ಎಲ್ಲವೂ ಮುಚ್ಚುತ್ತವೆ, ತಮ್ಮ ತಮ್ಮ ಬರಹ ಇಳಿಸಿಕೊಳ್ಳಿ ಎಂದು ನೋಟೀಸು ಹಾಕಿದ್ದರು. ಅಷ್ಟನ್ನೂ ಅವ್ವನಿಗೆ ಓದಿ ಹೇಳಲು ಪ್ರಿಂಟ್ ತೆಗೆಯಬೇಕೆಂದು ಅವಳು ಬೆಂಗೇರಿಯ ಸೈಬರ್ ಕೆಫೆಗೆ ಬಂದಿದ್ದಳು.

ಅದು 2006. ಮಾಲತೇಶ ಹೋಗಿ ಮೂರು ವರ್ಷವಾಗಿತ್ತು. ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದವನು. ಗೋವಾದಲ್ಲಿ ಹಳೆಯ ಸೆಟ್ಟುಗಳು ಅಗ್ಗಕ್ಕೆ ಸಿಗುತ್ತವೆಂದು ರೈಲು ಹತ್ತಿದ. ಮರಳಲಿಲ್ಲ. ತಂದೆ ಇಲ್ಲದ ಮನೆ. ತಾಯಿ ಸತ್ಯವ್ವ ಮತ್ತು ಅವಳು ಇಬ್ಬರೇ ಠಾಣೆಗೆ ಅಲೆದರು. ಎರಡು ವಾರ ಸುದ್ದಿಯೇ ಇರಲಿಲ್ಲ.

ಬಿ.ಎಡ್ ಪರೀಕ್ಷೆಯ ಕೊನೆಯ ದಿನ ಧಾರವಾಡದಿಂದ ಮನೆಗೆ ಬಂದಾಗ ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಉಪ್ಪಿನಬೆಟಗೇರಿಯ ತನ್ನ ಅಕ್ಕನ ಮನೆಗೆ ಹೋಗಿ ಆಗಷ್ಟೇ ಬಂದಳಂತೆ. ಕಾಲು ತೊಳೆದಿರಲಿಲ್ಲ. ದೀಪ ಹಚ್ಚಿರಲಿಲ್ಲ.

"ಭುವನಾ, ಬಾ. ಇಲ್ಲಿ ಕೂಡು."

ಆ ಮುಖ ನೋಡಲಾಗದೆ ಭುವನೇಶ್ವರಿ ನಿಂತಲ್ಲಿಂದಲೇ ಹೇಳಿಬಿಟ್ಟಳು. "ಅವ್ವಾ, ಅಣ್ಣ ಬರದಾನ! ಕಂಪ್ಯೂಟರಿನ್ಯಾಗ ಬರದಾನ. ಆರಾಮ ಅದಾನಂತ!"

ಸತ್ಯವ್ವ ಬಹಳ ಹೊತ್ತು ಮಗಳನ್ನೇ ನೋಡಿದಳು. "ಹೌದನು? ಆರಾಮ ಅದಾನಂತನು?" ಎಂದಳು. ಆಮೇಲೆ ಎದ್ದು ಒಲೆ ಹಚ್ಚಿದಳು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಮಾಲತೇಶ ಬರೆದದ್ದನ್ನು ಮಗಳು ಹೇಳುವಳು, ಅಕ್ಷರ ಬಾರದ ತಾಯಿ ಕೇಳುವಳು. ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂದು ಸತ್ಯವ್ವ ಒಮ್ಮೆಯೂ ಕೇಳಲಿಲ್ಲ. ಸುದ್ದಿ ಸಿಕ್ಕರೆ ಸಾಕು ಪಾಪ, ಅಷ್ಟಕ್ಕೇ ಜೀವ ಹಿಡಿದಿದ್ದಾಳೆ ಎಂದುಕೊಂಡಳು ಭುವನೇಶ್ವರಿ. ಠಾಣೆಗೆ ಹೋಗುವುದೂ ನಿಂತಿತು. "ಬರಿಯಾಕತ್ತಾನಲ್ಲ, ಇನ್ಯಾಕ?" ಎಂದಿದ್ದಳು ಅವ್ವ. ಅವಳು ಬಿಡದೆ ಕೇಳುತ್ತಿದ್ದದ್ದು ಒಂದೇ, ಮದುವೆಯ ಮಾತು. ಬೈರಿದೇವರಕೊಪ್ಪದಿಂದ ಒಳ್ಳೆಯ ಸಂಬಂಧ ಬಂದಿತ್ತು. ಭುವನೇಶ್ವರಿಯದು ಒಂದೇ ಉತ್ತರ: "ಅಣ್ಣ ಬರಲಿ."

ಈಗ ಆ ಸಾಲುಗಳನ್ನೆಲ್ಲ ಮತ್ತೆ ಓದುವಾಗ ಅವಳಿಗೆ ಏನೂ ಅನ್ನಿಸಲಿಲ್ಲ. 'ಇಲ್ಲಿ ಸೆಕೆ ಜಾಸ್ತಿ.' 'ಹಳೇ ಸೆಟ್ಟು ಒಂದು ಸಿಕ್ಕಿತು.' 'ಅವ್ವನ ಕೈ ರೊಟ್ಟಿ ನೆನಪಾಗತೈತಿ.' ಮನೆ ಬಿಟ್ಟ ಮೇಲಿನ ಮಾಲತೇಶನ ಮಾತುಗಳೆಲ್ಲ ಅವಳವೇ. ಅಂದು ಬಾಯಿಗೆ ಬಂದ ಸುಳ್ಳನ್ನು ಮರುದಿನ ಬಂದು ಇಲ್ಲಿಯೇ ಬರೆದಿದ್ದಳು. ಅಣ್ಣ ಸದಾ ಕೂರುತ್ತಿದ್ದ ಮೂಲೆಯ ಕಂಪ್ಯೂಟರಿಗೆ ಅವನ ಪಾಸ್‌ವರ್ಡ್ ಇನ್ನೂ ನೆನಪಿತ್ತು. ಮೊದಮೊದಲು ಬರೆದು ಅಳುತ್ತಿದ್ದಳು. ಬರಬರುತ್ತ ಹಿಟ್ಟು ನಾದಿದ ಹಾಗಾಯಿತು. ಕೈ ನಡೆಯುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಈಗಂತೂ ಯಾವುದು ಅಣ್ಣನದು, ಯಾವುದು ತನ್ನದು ಎಂದು ತಾರೀಖು ನೋಡಿಯೇ ತಿಳಿಯಬೇಕು.

ಪುಟ ಕೆಳಗೆ ಸರಿಸಿದಳು. ತಾನು ಎಂದೂ ಕಾಲಿಡದ ವೇದಿಕೆಯೊಂದು ಬಂತು. ವಧು-ವರರದು. ಅಲ್ಲಿಯೂ ಮಾಲತೇಶ. ಹೋದ ತಿಂಗಳ ತಾರೀಖು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

'ನನ್ನ ತಂಗಿ ಸಾಲಿ ಟೀಚರ್ ಅದಾಳ. ಸಿಟ್ಟು ಜಾಸ್ತಿ, ಮನಸು ಮೆತ್ತಗ. ಛಲೋ ವರ ಇದ್ರ ತಿಳಸ್ರಿ. ನನ್ನ ಹಾದಿ ಕಾಯಬ್ಯಾಡ ಅಂತ ಆಕಿಗೆ ಯಾರಾರ ಹೇಳ್ರಿ.'

ಮತ್ತೆ ಓದಿದಳು. ಇದನ್ನು ತಾನು ಬರೆದಿರಲಿಲ್ಲ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ತಂಗಿಯ ಮಾತೇ. ಮೂರು ವರ್ಷದಿಂದ ಅಲುಗದೆ ಬಿದ್ದಿದ್ದ ಏನೋ ಒಂದು ಎದೆಯಲ್ಲಿ ಮಗ್ಗಲು ಬದಲಿಸಿತು. ಅಣ್ಣ ಇದ್ದಾನೆ. ಎಲ್ಲಿಯೋ ಕುಳಿತು ಬರೆಯುತ್ತಿದ್ದಾನೆ.

"ಹಜರತಣ್ಣಾ!"

ಕೆಫೆಯ ಹಜರತಅಲಿ ಮಾಲತೇಶನ ಜೀವದ ಗೆಳೆಯ. ಭುವನೇಶ್ವರಿ ಅಣ್ಣನ ಹೆಸರಲ್ಲಿ ಬರೆಯುವುದು ಅವನಿಗೆ ಮೊದಲಿನಿಂದ ಗೊತ್ತು; ಗೊತ್ತಿದ್ದೂ ಸುಮ್ಮನಿದ್ದವನು. ಬಂದು ಅವಳ ಬೆನ್ನ ಹಿಂದೆ ನಿಂತ.

"ಇದು ನಾ ಬರದಿದ್ದಲ್ಲ ಅಣ್ಣಾ. ಎಲ್ಲಿಂದ ಬಂದದ್ದು ನೋಡ್ರಿ ಲಗೂ. ಅಣ್ಣ ಅದಾನ!"

ಹಜರತಅಲಿ ಮೌಸ್ ಮುಟ್ಟಲಿಲ್ಲ. ಪಕ್ಕದ ಕುರ್ಚಿ ಎಳೆದು ಕುಳಿತ.

"ಇಲ್ಲಿಂದನ ತಂಗಿ. ಇದ ಕಂಪ್ಯೂಟರಿಂದ."

"ಇಲ್ಲಿ ಬಂದಿದ್ನೇನು? ಮತ್ತ ಮನಿಗೆ ಯಾಕ ಬರಲಿಲ್ಲ?"

"ಬರದಾಂವ ನಾನು. ಹೇಳಿ ಬರಿಸಿದವರು ನಿಮ್ಮವ್ವ. ಸಂತಿಗೆ ಬಂದಾಗೆಲ್ಲ ಇಲ್ಲಿ ಬಂದು ಕುಂದರತಾರ. ಭುವನಾಗ ಇದನ್ನ ತೋರಸು ಅಂತಿದ್ರು. ನನಗ ಧೈರ್ಯ ಬರಲಿಲ್ಲ."

ಭುವನೇಶ್ವರಿ ಪುಟ ಮೇಲಕ್ಕೆ ಸರಿಸಿ ತಾನು ಬರೆದ ಸಾಲುಗಳಿಗೆ ಬಂದಳು. ಹಿಂದಿನ ಸಾಲಿನಲ್ಲಿ ಯಾರೋ ಹಾಡು ಹಾಕಿಕೊಂಡು ನಗುತ್ತಿದ್ದರು.

"ಅಂದ್ರ ನಾ ಬರಿಯೂದು ಅವ್ವಗ ಗೊತ್ತೈತಿ," ಎಂದಳು. "ಯಾವಾಗಿಂದ?"

"ನೀ ಹೇಳಿದ ದಿನದಿಂದನ, ತಂಗಿ. ಅವತ್ತ ನಿಮ್ಮವ್ವ ಉಪ್ಪಿನಬೆಟಗೇರಿಗೆ ಹೋಗಿರಲಿಲ್ಲ. ಪೊಲೀಸರು ಕರಿಸಿದ್ರು, ನಾವಿಬ್ಬರೂ ಗೋವಾ ಹಾದಿಯಾಗಿನ ಲೋಂಡಾಕ್ಕ ಹೋಗಿ ಮಾಲತೇಶಗ ಮಣ್ಣು ಕೊಟ್ಟು ಬಂದಿದ್ವಿ."